ಪ್ರಾಜೆಕ್ಟಿನ ಅಂಕ ಬೈಂಡ್ ಮಾಡಿದ ರಿಪೋರ್ಟಿಗಲ್ಲ, ಲ್ಯಾಬಿನ ಕೆಲಸಕ್ಕೆ ಬೀಳಲಿ

"ಅಪ್ಪಾ, ಪ್ರಾಜೆಕ್ಟಿಗೆ ರೊಕ್ಕ ಬೇಕಾಗೈತಿ." ಮಗನೋ ಮಗಳೋ ಎಂಜಿನಿಯರಿಂಗ್ ಓದುತ್ತಿರುವ ಮನೆಗೆ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಈ ಫೋನ್ ಬರುತ್ತದೆ. ಹುನಗುಂದದ ರೈತರಿರಲಿ, ಇಳಕಲ್ಲಿನ ನೇಕಾರರಿರಲಿ, ಯಾವ ಪ್ರಾಜೆಕ್ಟು, ರೊಕ್ಕ ಯಾತಕ್ಕೆ ಎಂದು ಕೇಳುವವರು ಕಡಿಮೆ. ಕಲಿತವರ ವಿಷಯ ನಮಗೇನು ತಿಳಿದೀತು ಎಂದುಕೊಂಡು ಸಾಲ ಮಾಡಿಯಾದರೂ ಕಳಿಸುತ್ತಾರೆ. ಕೇಳಬೇಕು ಎನ್ನುವುದು ನಮ್ಮ ಮಾತು. ಆ ರೊಕ್ಕದಲ್ಲಿ ಮಕ್ಕಳು ಸಾಮಾನು ತಂದು ಕೈಯಾರೆ ಏನಾದರೂ ಮಾಡಿ ನೋಡಿದರೋ, ಇಲ್ಲ ಬೇರೆ ಯಾರೋ ಮಾಡಿಟ್ಟಿದ್ದನ್ನು ಕೊಂಡು ತಂದರೋ? ಇವೆರಡರ ನಡುವೆ ದೊಡ್ಡ ಅಂತರವಿದೆ.

ಕೊಂಡು ತರುವ ದಾರಿ ಗುಟ್ಟಿನದ್ದೇನಲ್ಲ. ದೊಡ್ಡ ಊರುಗಳಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ, ಬೋರ್ಡು ಹಾಕಿಕೊಂಡೇ ಮಾರುತ್ತವೆ. ಸರ್ಕೀಟು, ಪ್ರೋಗ್ರಾಮು, ಬೈಂಡ್ ಮಾಡಿದ ರಿಪೋರ್ಟು ಎಲ್ಲ ಒಂದೇ ಕಡೆ ಸಿಗುತ್ತದೆ. ಹುಡುಗರು ಸೋಮಾರಿಗಳು ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಅಂಕ ಎಲ್ಲಿ ಬೀಳುತ್ತದೋ ಹುಡುಗರು ಅಲ್ಲಿಗೇ ಹೋಗುತ್ತಾರೆ. ಅದಕ್ಕೆ ಅಂಕ ಎಲ್ಲಿ ಬೀಳುತ್ತಿದೆ ಎಂದು ಮೊದಲು ನೋಡೋಣ.

ಅರ್ಧ ಅಂಕ ಕಾಗದಕ್ಕೆ

ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ ಕೆಳಗೆ ಬರುತ್ತವೆ. ಅದರ 2022ರ ಸ್ಕೀಮಿನಲ್ಲಿ ಐದನೇ ಸೆಮಿಸ್ಟರಿಗೆ ಒಂದು ಮಿನಿ ಪ್ರಾಜೆಕ್ಟ್ ಇದೆ. ಅದಕ್ಕೆ ಅಂಕ ಕೊಡುವ ಕ್ರಮವನ್ನು ಪಠ್ಯಕ್ರಮದಲ್ಲೇ ಬರೆದಿದ್ದಾರೆ. ವಿಭಾಗದ ಮುಖ್ಯಸ್ಥರು ಮತ್ತು ಇಬ್ಬರು ಅಧ್ಯಾಪಕರ ಸಮಿತಿ ಕೂರಬೇಕು, ಆ ಇಬ್ಬರಲ್ಲಿ ಒಬ್ಬರು ಗೈಡ್ ಆಗಿರಬೇಕು. ರಿಪೋರ್ಟಿಗೆ 50, ವಿವರಿಸಿ ಹೇಳುವ ಜಾಣ್ಮೆಗೆ 25, ಪ್ರಶ್ನೋತ್ತರಕ್ಕೆ 25. ರಿಪೋರ್ಟಿನ ಅಂಕ ಗುಂಪಿನಲ್ಲಿರುವ ಎಲ್ಲರಿಗೂ ಒಂದೇ.

ಇದನ್ನು ಇನ್ನೊಮ್ಮೆ ಓದಿ. ಲ್ಯಾಬಿನಲ್ಲಿ ನಿಂತು ಅಳತೆ ಮಾಡಿದ್ದಕ್ಕೆ ಬೇರೆ ಅಂಕವೇ ಇಲ್ಲ. ಅದೆಲ್ಲ ರಿಪೋರ್ಟಿನೊಳಗೆ ಕಾಣಬೇಕು. ರಿಪೋರ್ಟು ಮಾತ್ರ ಅಂಗಡಿಯಲ್ಲಿ ಸಿಗುವ ಸಾಮಾನು. ನಾಲ್ವರ ಗುಂಪಿನಲ್ಲಿ ರಾತ್ರಿ ಹಗಲು ದುಡಿದ ಹುಡುಗಿಗೂ, ಕೊನೆಯ ದಿನ ಹೆಸರು ಸೇರಿಸಿಕೊಂಡವನಿಗೂ ಆ 50ರಲ್ಲಿ ಸಮಪಾಲು. ಇದು ಯಾವುದೋ ಒಂದು ಕಾಲೇಜಿನ ಮೇಲಿನ ದೂರಲ್ಲ. ನಿಯಮವೇ ಹೀಗಿದ್ದಾಗ ಒಳ್ಳೆಯ ಅಧ್ಯಾಪಕರ ಕೈಯೂ ಕಟ್ಟಿದಂತಾಗುತ್ತದೆ.

ಪ್ರಶ್ನೆ ನಮ್ಮ ಊರಲ್ಲೇ ಇವೆ

ಮಿನಿ ಪ್ರಾಜೆಕ್ಟ್ ಎಂದರೆ ಹೊಸ ಯಂತ್ರ ಕಂಡುಹಿಡಿಯುವುದಲ್ಲ. ನಾಲ್ಕೈದು ವಾರದಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ಇರುವ ಸಾಮಾನಿನಿಂದ, ಒಂದು ಸಣ್ಣ ಪ್ರಶ್ನೆಗೆ ಅಳೆದು ಉತ್ತರ ಹುಡುಕುವುದು. ಅಂಥ ಪ್ರಶ್ನೆಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಂದ ಬಾದಾಮಿ, ಹುನಗುಂದ, ಇಳಕಲ್ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ದೂರ.

ಹುನಗುಂದದಿಂದ ಶುರು ಮಾಡೋಣ. ಅಲ್ಲಿನ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ ಸುಮಾರು 24 ಸಾವಿರ ಹೆಕ್ಟೇರಿಗೆಂದು ಮಾಡಿದ್ದು. ಹನಿ ನೀರಾವರಿ ಎಲ್ಲೇ ಇರಲಿ, ಡ್ರಿಪ್ಪರಿನಲ್ಲಿ ಕಸ, ಉಪ್ಪು ಕಟ್ಟಿಕೊಳ್ಳುವುದು ರೈತರಿಗೆ ಗೊತ್ತಿರುವ ಕಾಟ. ಗಂಟೆಗೆ 4 ಲೀಟರ್ ಎಂದು ಬರೆದ ಡ್ರಿಪ್ಪರ್ 6 ನಿಮಿಷಕ್ಕೆ 400 ಮಿಲಿಲೀಟರ್ ಕೊಡಬೇಕು. ಹೊಲದಲ್ಲಿ 16 ಡ್ರಿಪ್ಪರಿನ ಕೆಳಗೆ ಡಬ್ಬಿ ಇಟ್ಟು 6 ನಿಮಿಷ ಹಿಡಿದು ಅಳೆಯಿರಿ. ಎಲ್ಲ 16ರ ಸರಾಸರಿ 360 ಬಂತು, ಅತಿ ಕಡಿಮೆ ಕೊಟ್ಟ ನಾಲ್ಕರ ಸರಾಸರಿ 270 ಬಂತು ಎನ್ನಿ. 270ನ್ನು 360ರಿಂದ ಭಾಗಿಸಿದರೆ ಶೇ 75. ನೀರು ಎಷ್ಟು ಸಮನಾಗಿ ಹಂಚಿಕೆಯಾಗುತ್ತಿದೆ ಎಂಬುದಕ್ಕೆ ಇದೇ ಲೆಕ್ಕ, 100ಕ್ಕೆ ಹತ್ತಿರ ಬಂದಷ್ಟೂ ಒಳ್ಳೆಯದು. ಆಮೇಲೆ ಕಟ್ಟಿಕೊಂಡ ಡ್ರಿಪ್ಪರುಗಳನ್ನು ಹೈಡ್ರಾಲಿಕ್ಸ್ ಲ್ಯಾಬಿಗೆ ಒಯ್ದು, ಹೊಸದರ ಜೊತೆ ಒಂದೇ ಒತ್ತಡದಲ್ಲಿ ಇಟ್ಟು, ತೊಳೆಯುವ ಮೊದಲು ಎಷ್ಟು, ತೊಳೆದ ಮೇಲೆ ಎಷ್ಟು ಎಂದು ನೋಡಬಹುದು. ಇದರ ಉತ್ತರ ರೈತನ ಕೈಗೆ ಬರುವ ಉತ್ತರ.

ಇಳಕಲ್ಲಿನ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗುತ್ತದೆ. ಕೊಯ್ದಾಗ ಬರುವ ಪುಡಿ ಇಲ್ಲೇ ಉಳಿಯುತ್ತದೆ. ಉಸುಕಿನ ಬದಲು ಆ ಪುಡಿಯನ್ನು ಕಾಂಕ್ರೀಟಿಗೆ ಸ್ವಲ್ಪ ಸೇರಿಸಿದರೆ ಗಟ್ಟಿತನ ಏನಾಗುತ್ತದೆ? ಸಿವಿಲ್ ಲ್ಯಾಬಿನಲ್ಲಿ 150 ಮಿಲಿಮೀಟರಿನ ಕ್ಯೂಬು ಹೊಯ್ದು ಒಡೆದು ನೋಡಿದರೆ ತಿಳಿಯುತ್ತದೆ.

ಇಳಕಲ್ ಸೀರೆಯ ಮಗ್ಗಕ್ಕೂ ಪ್ರಶ್ನೆ ಇದೆ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವುದು ಇಲ್ಲಿಯ ನೇಕಾರರ ವಿಶೇಷ. ಎಲೆಕ್ಟ್ರಾನಿಕ್ಸ್ ಹುಡುಗರು ಒಂದು ಅಯಸ್ಕಾಂತ, ಒಂದು ಸೆನ್ಸರ್, ಒಂದು ಆರ್ಡುಯಿನೊ ಇಟ್ಟು, ಲಾಳಿ ಎಷ್ಟು ಸಲ ಓಡಿತು ಎಂದು ಎಣಿಸುವ ಸಣ್ಣ ಮೀಟರ್ ಮಾಡಬಹುದು. ಆದರೆ ಮೊದಲು ನೇಕಾರರ ಹತ್ತಿರ ಹೋಗಿ ಇದು ಬೇಕೇ ಎಂದು ಕೇಳಬೇಕು. "ಅದು ಬ್ಯಾಡ್ರಿ, ಕಾಲು ನೋವಿಗೆ ಏನಾರ ಮಾಡ್ರಿ" ಎಂದರೆ ಪ್ರಾಜೆಕ್ಟ್ ಬದಲಾಗಬೇಕು.

ಬಾದಾಮಿಯ ಮರಳುಗಲ್ಲು ಎಷ್ಟು ನೀರು ಕುಡಿಯುತ್ತದೆ? ಕಲ್ಲನ್ನು ಓವನಿನಲ್ಲಿ ಒಣಗಿಸಿ ತೂಗಿ, 24 ತಾಸು ನೀರಿನಲ್ಲಿಟ್ಟು ಮತ್ತೆ ತೂಗಬೇಕು. 2,000 ಗ್ರಾಂ ಇದ್ದದ್ದು 2,060 ಆದರೆ ಶೇ 3. ಗುಹೆಯ ಕಲ್ಲು, ಗುಡಿಯ ಕಲ್ಲು ಮುಟ್ಟುವಂತಿಲ್ಲ, ಅವು ಸಂರಕ್ಷಿತ ಸ್ಮಾರಕಗಳು. ಮನೆ ಕಟ್ಟಲು ತಂದ ಕಲ್ಲಿನ ತುಂಡು ಸಾಕು.

ವಾರದ ಲೆಕ್ಕ ಮೊದಲೇ ಹಾಕಬೇಕು

ಸಣ್ಣ ಪ್ರಾಜೆಕ್ಟ್ ಹಾಳಾಗುವುದು ಹೆಚ್ಚಾಗಿ ತಯಾರಿ ಇಲ್ಲದ್ದಕ್ಕೆ. ಗ್ರಾನೈಟ್ ಪುಡಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಪುಡಿ ಇಲ್ಲದ್ದು, ಶೇ 20 ಹಾಕಿದ್ದು, ಶೇ 40 ಹಾಕಿದ್ದು, ಹೀಗೆ ಮೂರು ಬಗೆ. ಪ್ರತಿ ಬಗೆಗೆ 7 ದಿನಕ್ಕೆ ಮೂರು ಕ್ಯೂಬು, 28 ದಿನಕ್ಕೆ ಮೂರು ಕ್ಯೂಬು. ಒಟ್ಟು 18. ಒಂದೊಂದು ಸುಮಾರು 8 ಕೆ.ಜಿ. ತೂಗುತ್ತದೆ. ಅಷ್ಟು ಅಚ್ಚು ಲ್ಯಾಬಿನಲ್ಲಿವೆಯೇ? ಅದೇ ವಾರ ಬೇರೆ ಕ್ಲಾಸಿಗೂ ಅಚ್ಚು ಬೇಕೇ? ಮೊದಲ ವಾರವೇ ಹೊಯ್ಯದಿದ್ದರೆ 28 ದಿನದ ಪರೀಕ್ಷೆ ಐದನೇ ವಾರಕ್ಕೆ ಸಿಗುವುದಿಲ್ಲ. ಸಿಗದಿದ್ದಾಗ ಏನಾಗುತ್ತದೆ? ಅಂಕಿ ರಿಪೋರ್ಟಿನಲ್ಲಿ ತಾನೇ ಹುಟ್ಟಿಕೊಳ್ಳುತ್ತದೆ.

ಆದ್ದರಿಂದ ಪ್ರಾಜೆಕ್ಟ್ ಒಪ್ಪುವ ಮೊದಲೇ ಗುಂಪು ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದು ಕೊಡಲಿ. ಪ್ರಶ್ನೆ ಏನು, ಏನನ್ನು ಅಳೆಯುತ್ತೇವೆ, ಯಾವ ಲ್ಯಾಬಿನ ಯಾವ ಸಾಮಾನು ಯಾವ ವಾರ ಬೇಕು, ಖರ್ಚೆಷ್ಟು. ಖರ್ಚಿಗೆ ಕಾಲೇಜೇ ಒಂದು ಮಿತಿ ಹಾಕಲಿ. ಮಿತಿ ದಾಟಿದ ಪ್ರಾಜೆಕ್ಟನ್ನು ತೆಗೆದುಕೊಳ್ಳದಿದ್ದರೆ ಬಡವರ ಮನೆಯ ಮಕ್ಕಳೂ ಸಿರಿವಂತರ ಮಕ್ಕಳೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ.

ಅಂಕ ಹೀಗೆ ಹಂಚಬಹುದು

ನಮ್ಮ ಸಲಹೆ ಹೀಗಿದೆ. ಲ್ಯಾಬ್ ನೋಟ್‌ಬುಕ್ಕಿಗೆ 30, ಅಳತೆಯನ್ನು ಸಮಿತಿಯ ಎದುರೇ ಮತ್ತೊಮ್ಮೆ ಮಾಡಿ ತೋರಿಸುವುದಕ್ಕೆ 30, ಒಬ್ಬೊಬ್ಬರಿಗೇ ಕೇಳುವ ಪ್ರಶ್ನೆಗೆ 25, ಆರು ಪುಟ ಮೀರದ ರಿಪೋರ್ಟಿಗೆ 15. ನೋಟ್‌ಬುಕ್ ಕೈಬರಹದಲ್ಲಿ, ತಾರೀಖು ಹಾಕಿ, ಒಬ್ಬೊಬ್ಬರದು ಬೇರೆ ಬೇರೆ ಇರಲಿ. ತಪ್ಪಿದ್ದನ್ನು ಒಂದೇ ಗೆರೆಯಲ್ಲಿ ಹೊಡೆಯಲಿ, ಹಾಳೆ ಹರಿಯದಿರಲಿ. ಗೈಡ್ ವಾರಕ್ಕೊಮ್ಮೆ ಸಹಿ ಮಾಡಲಿ.

ಕೆಟ್ಟುಹೋದ ಪ್ರಯೋಗಕ್ಕೂ ಅಂಕ ಇರಲೇಬೇಕು. ಕಾಂಕ್ರೀಟಿಗೆ ನಮ್ಮ ದೇಶದ ಮಾನಕ ಐಎಸ್ 456 ಒಂದು ಮಾತು ಹೇಳುತ್ತದೆ: ಮೂರು ಕ್ಯೂಬಿನ ಸರಾಸರಿ ತೆಗೆಯಬೇಕು, ಯಾವ ಕ್ಯೂಬೂ ಸರಾಸರಿಯಿಂದ ಶೇ 15ಕ್ಕಿಂತ ಆಚೀಚೆ ಇರಬಾರದು. 20, 21, 28 ಬಂದರೆ ಸರಾಸರಿ 23. ಅದರ ಮೇಲೆ ಶೇ 15 ಎಂದರೆ 26.45, ಕ್ಯೂಬು 28 ಬಂದಿದೆ. ಪರೀಕ್ಷೆ ನಿಲ್ಲುವುದಿಲ್ಲ. ಈಗ ವಿದ್ಯಾರ್ಥಿನಿಯ ಮುಂದೆ ಎರಡು ದಾರಿ. 28 ಅಳಿಸಿ 22 ಬರೆದರೆ ರಿಪೋರ್ಟು ಚೆಂದ ಕಾಣುತ್ತದೆ. ಇದ್ದದ್ದನ್ನೇ ಬರೆದು, ಎರಕ ಹೊಯ್ಯುವಾಗ ಕುಟ್ಟಿದ್ದು ಹೆಚ್ಚುಕಡಿಮೆ ಆಗಿರಬಹುದು ಎಂದು ಕಾರಣ ಹುಡುಕಿದರೆ ರಿಪೋರ್ಟು ಅರೆಬರೆ ಕಾಣುತ್ತದೆ. ಎರಡನೆಯವಳಿಗೆ ಹೆಚ್ಚು ಅಂಕ ಬರುವ ಪದ್ಧತಿ ಬೇಕು. ನಾಳೆ ಅವಳು ಸೇತುವೆಗೋ ನೀರಿನ ಟಾಕಿಗೋ ಸಹಿ ಹಾಕುವ ಎಂಜಿನಿಯರ್. ಅಂಕಿ ತಿದ್ದುವ ರೂಢಿ ಲ್ಯಾಬಿನಲ್ಲೇ ಬಿದ್ದರೆ ಅದರ ಫಲ ಉಣ್ಣುವವರು ಆ ಸೇತುವೆ ದಾಟುವ ನಾವು.

ಹುನಗುಂದ ತಾಲ್ಲೂಕಿನ ಐಹೊಳೆಯನ್ನು ವಾಸ್ತುಶಿಲ್ಪದ ತೊಟ್ಟಿಲು ಎನ್ನುತ್ತಾರೆ. ಚಪ್ಪಟೆ ಚಾವಣಿ, ಇಳಿಜಾರು ಚಾವಣಿ, ಶಿಖರ, ಹಿಂಬದಿ ದುಂಡಗಿರುವ ಗುಡಿ ಎಲ್ಲ ಒಂದೇ ಊರಲ್ಲಿ ನಿಂತಿವೆ. ಒಂದು ಚೆನ್ನಾಗಿ ಬಂತೆಂದು ಉಳಿದವನ್ನು ಕೆಡವಿ ಹಾಕಲಿಲ್ಲ. ಅದಕ್ಕೇ ಇಂದು ಅಲ್ಲಿ ಕಲಿಯಲು ಸಿಗುತ್ತದೆ.

"ಮೇಷ್ಟ್ರಿಗೆ ವೇಳೆ ಎಲ್ಲೈತ್ರಿ?"

ಅಧ್ಯಾಪಕರು ಈ ಪ್ರಶ್ನೆ ಕೇಳುತ್ತಾರೆ, ಅದು ನ್ಯಾಯವೇ. ಲೆಕ್ಕ ಹಾಕೋಣ. 60 ವಿದ್ಯಾರ್ಥಿಗಳ ಕ್ಲಾಸು, ನಾಲ್ವರ ಗುಂಪಾದರೆ 15 ಗುಂಪು. ವಾರಕ್ಕೆ ಗುಂಪಿಗೆ 10 ನಿಮಿಷ ಕೊಟ್ಟರೆ 150 ನಿಮಿಷ. ಮೂವರು ಅಧ್ಯಾಪಕರು ಹಂಚಿಕೊಂಡರೆ ಒಬ್ಬರಿಗೆ 50 ನಿಮಿಷ, ಅಂದರೆ ಒಂದು ಕ್ಲಾಸು. ಅದನ್ನು ಅವರ ಟೈಮ್‌ಟೇಬಲ್‌ನಲ್ಲೇ ಕೆಲಸವೆಂದು ಬರೆಯಬೇಕು, ಪುಕ್ಕಟೆ ದುಡಿಮೆ ಮಾಡಿಸಬಾರದು. ಲ್ಯಾಬಿನ ಸಹಾಯಕರನ್ನೂ ಮರೆಯುವಂತಿಲ್ಲ. ಯಾವ ಗುಂಪು ಬಂತು, ಯಾವುದು ಬರಲಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ.

ನಿಯಮ ವಿಟಿಯುವಿನದು, ನಾವೇನು ಮಾಡುವುದು ಎಂಬ ಮಾತೂ ಬರುತ್ತದೆ. ಸ್ವಾಯತ್ತ ಕಾಲೇಜುಗಳಿಗೆ ತಮ್ಮ ಪಠ್ಯಕ್ರಮ ಮತ್ತು ಅಂಕದ ಕ್ರಮ ರೂಪಿಸಿಕೊಳ್ಳಲು ಅವಕಾಶವಿದೆ. ಉಳಿದ ಕಾಲೇಜುಗಳು ಆ 50ರೊಳಗೇ ದಾರಿ ಮಾಡಿಕೊಳ್ಳಬಹುದು. ನೋಟ್‌ಬುಕ್ ಇಲ್ಲದ ರಿಪೋರ್ಟನ್ನು ತೆಗೆದುಕೊಳ್ಳುವುದಿಲ್ಲ ಎಂದರೆ ಅರ್ಧ ಕೆಲಸ ಆದಂತೆ. ಪ್ರಶ್ನೋತ್ತರದ 25ನ್ನು ಲ್ಯಾಬಿನಲ್ಲೇ, ಸಾಮಾನಿನ ಎದುರು ನಿಲ್ಲಿಸಿ ಕೇಳಿದರೆ ಇನ್ನಷ್ಟು ಆಯಿತು.

ಇದು ಎಲ್ಲೂ ಇಲ್ಲದ ಕನಸಲ್ಲ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಮೊದಲ ವರ್ಷದಲ್ಲೇ 'ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್' ಎಂಬ ವಿಷಯದಲ್ಲಿ ಸಣ್ಣ ಪ್ರಾಜೆಕ್ಟ್ ಮಾಡಿಸುತ್ತದೆ. ಅಮೆರಿಕದ ಎಂಐಟಿಯಲ್ಲಿ ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು ಹೆಸರುವಾಸಿ ಮಾಡಿದ ವಿನ್ಯಾಸದ ಕ್ಲಾಸಿನಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಬಗೆಯ ಸಾಮಾನಿನ ಪೊಟ್ಟಣ ಕೊಟ್ಟು, ಅದರಲ್ಲೇ ಯಂತ್ರ ಮಾಡಿ ಸ್ಪರ್ಧೆಗೆ ತನ್ನಿ ಎನ್ನುತ್ತಿದ್ದರು. ಕೊಟ್ಟ ಸಾಮಾನಿನಲ್ಲೇ ಮಾಡಬೇಕೆಂದಾಗ ಅಂಗಡಿಗೆ ಕೆಲಸವಿಲ್ಲ. ಇನ್ನು ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸಹಾಯಧನ ಕೊಡುತ್ತದೆ. ಮೂರನೇ ವರ್ಷದಲ್ಲಿ ಡ್ರಿಪ್ಪರ್ ಅಳೆದ ಗುಂಪಿಗೆ ಅಲ್ಲಿ ಅರ್ಜಿ ಹಾಕಲು ಕೈಯಲ್ಲಿ ಅಂಕಿ ಇರುತ್ತದೆ.

ಊರಲ್ಲಿರುವ ಅಪ್ಪ ಅವ್ವಂದಿರಿಗೆ ಒಂದು ಮಾತು. ಎಂಜಿನಿಯರಿಂಗ್ ತಿಳಿಯದಿದ್ದರೂ ನೀವು ಮೂರು ಪ್ರಶ್ನೆ ಕೇಳಬಹುದು. ನೀವು ಅಳೆದದ್ದು ಏನು? ನಿನ್ನ ಕೈಬರಹದ ನೋಟ್‌ಬುಕ್ ಎಲ್ಲಿ? ಮೊದಲ ಸಲ ಯಾವುದು ಕೆಟ್ಟಿತು, ಆಮೇಲೆ ಏನು ಮಾಡಿದಿರಿ? ನಿಜವಾಗಿ ಮಾಡಿದ ಮಕ್ಕಳು ಈ ಮೂರನೆಯ ಪ್ರಶ್ನೆಗೆ ಅರ್ಧ ತಾಸು ಮಾತಾಡುತ್ತಾರೆ. ಕಾಲೇಜಿನಲ್ಲಿ ಪಾಲಕರ ಸಭೆ ಕರೆದಾಗ ಹಾಜರಾತಿ, ಫೀ ಜೊತೆಗೆ ಈ ಪ್ರಶ್ನೆಗಳನ್ನೂ ಅಲ್ಲಿ ಎದ್ದು ನಿಂತು ಕೇಳಿ. ರೊಕ್ಕ ಕೊಟ್ಟವರಿಗೆ ಕೇಳುವ ಹಕ್ಕಿದೆ.