ಎಲ್ಲಿ ಸೋರ್ತದೆ ಅಂತ ತೋರ್ಸಿ, ಆಮೇಲೆ ರೇಟು ಹೇಳಿ

ಸಂತೇಲಿ ಕೊತ್ತಂಬರಿ ಕಟ್ಟು ಹತ್ತು ರೂಪಾಯಿ ಅಂದ್ರೆ ಎಂಟಕ್ಕೆ ಕೊಡಪ್ಪ ಅಂತ ಬಿಸ್ಲಲ್ಲಿ ನಿಂತು ಚೌಕಾಸಿ ಮಾಡೋ ನಾವು, ಗ್ಯಾರೇಜಲ್ಲಿ "ಇಂಜಿನ್ ಇಳಿಸ್ಬೇಕು, ಹದಿನೆಂಟೂವರೆ ಸಾವ್ರ ಆಯ್ತದೆ" ಅಂದ್ರೆ ತುಟಿ ಪಿಟಕ್ ಅನ್ನಲ್ಲ. ಯಾಕವ್ವಾ ಅಂತ ಕೇಳಿದ್ರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ, "ಅಯ್ಯೋ, ಅದು ಗಂಡಸ್ರ ವಿಚಾರ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗದೆ. ಇವತ್ತು ಜಗಳಕ್ಕೇ ಕೂತಿದ್ದೀನಿ ಅಂತ ಇಟ್ಕೊಳಿ.

ಗಾಡಿ ಗಂಡಸರದ್ದೇ ಇರಬಹುದು, ದುಡ್ಡು ಅವರೊಬ್ಬರದ್ದೇ ಅಲ್ವಲ್ಲ. ಗೃಹಲಕ್ಷ್ಮಿ ಹಣ ತಿಂಗಳಿಗೆ 2000. 2023ರ ಆಗಸ್ಟ್ 30ಕ್ಕೆ ನಮ್ಮ ಮೈಸೂರಲ್ಲೇ ಅದಕ್ಕೆ ಚಾಲನೆ ಕೊಟ್ಟಿದ್ದು. ಹದಿನೆಂಟೂವರೆ ಸಾವಿರ ಅಂದ್ರೆ ಒಂಬತ್ತು ತಿಂಗಳ ಗೃಹಲಕ್ಷ್ಮಿ, ಅದರ ಮೇಲೆ ಇನ್ನೊಂದೈನೂರು. ಅದೂ ಸಾಲದೆ ಬಂದ್ರೆ ಸಂಘದಲ್ಲಿ ಸಾಲ ಎತ್ತೋರು ಯಾರು? ಸೈನ್ ಹಾಕೋರು ಯಾರು? ವಾರ ವಾರ ಕಂತು ಹಿಡ್ಕೊಂಡು ಮೀಟಿಂಗಲ್ಲಿ ಕೂರೋರು ಯಾರು? ಕಂತು ಕಟ್ಟೋವಾಗ ಹೆಂಗಸ್ರ ವಿಚಾರ, ರೇಟು ಒಪ್ಪೋವಾಗ ಗಂಡಸ್ರ ವಿಚಾರ. ಚೆನ್ನಾಗದೆ ಕನ್ರವ್ವ ಈ ನ್ಯಾಯ.

ವಿಷಯಕ್ಕೆ ಬತ್ತೀನಿ. ಪಿರಿಯಾಪಟ್ಟಣದ ಕಡೆ ಇರೋ ನಮ್ಮ ವಾರಗಿತ್ತಿ ಮನೇಲಿ ಒಂದು ಹಳೇ ಓಮ್ನಿ ಅದೆ, ನಮ್ಮ ಹುಣಸೂರಿನ ಕೆಎ-45 ನಂಬರಿಂದು. ಹೊಗೆಸೊಪ್ಪಿನ ಕಾಲದಲ್ಲಿ ಆಳು ಕರ್ಕೊಂಡು ಬರೋದು, ಆಸ್ಪತ್ರೆಗೆ ಹೋಗೋದು, ಮದುವೆ, ತಿಥಿ ಎಲ್ಲಕ್ಕೂ ಅದೇ. ಮಾರುತಿಯವ್ರು 2019ರಲ್ಲೇ ಓಮ್ನಿ ಮಾಡೋದು ನಿಲ್ಲಿಸಿದ್ರೂ ನಮ್ಮ ಕಡೆ ರಸ್ತೇಲಿ ಇನ್ನೂ ಬೇಕಾದಷ್ಟು ಓಡಾಡ್ತವೆ. ಈ ಗಾಡೀಲಿ ಇಂಜಿನ್ ಇರೋದು ಮುಂದಿನ ಸೀಟಿನ ಅಡೀಲಿ. ಹಂಗಾಗಿ ಎಣ್ಣೆ ಸುಟ್ಟ ವಾಸನೆ ಮೊದಲು ಹೊಡೆದಿದ್ದು ಒಳಗೆ ಕೂತಿದ್ದ ಹೆಂಗಸ್ರ ಮೂಗಿಗೆ. "ಏನೋ ಸೀದ ವಾಸ್ನೆ ಬತ್ತಾ ಅದೆ" ಅಂತ ಅವಳು ಎರಡು ವಾರ ಹೇಳವ್ಳೆ, ಒಬ್ಬರೂ ಕಿವಿಗೆ ಹಾಕ್ಕೊಂಡಿಲ್ಲ. ಆಮೇಲೆ ಗಾಡಿ ನಿಲ್ಲಿಸೋ ಜಾಗದಲ್ಲಿ ಅಂಗೈಯಗಲ ಕಪ್ಪು ಕಲೆ ಬಿತ್ತು ನೋಡಿ, ಆಗ ನಮ್ಮ ಮೈದ ಗ್ಯಾರೇಜಿಗೆ ಓಡ್ದ.

ಒಂದು ಕಡೆ ಕೆಳಗಿಂದ ಬಗ್ಗಿ ನೋಡಿ, ಇಂಜಿನ್ ಇಳಿಸಿ ಎಲ್ಲ ಪ್ಯಾಕಿಂಗು, ಎಲ್ಲ ಸೀಲು ಹೊಸದು ಹಾಕ್ಬೇಕು, 18,500 ಅಂದ್ರಂತೆ. ಇನ್ನೊಂದು ಕಡೆ ಸೀಟೂ ಎತ್ತದೆ, "ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿರ್ತದೆ ಬುಡಿ, ಒಂಬೈನೂರಲ್ಲಿ ಮುಗಿಸ್ತೀನಿ" ಅಂದ್ರಂತೆ. ಸರಿ, ಮನೇಲಿ ಎರಡು ಪಾರ್ಟಿ ಆಯ್ತು. ದೊಡ್ಡ ರೇಟು ಹೇಳ್ದೋರು ಕಳ್ಳರು ಅಂತ ಒಬ್ಬರು. ಇಲ್ಲ, ಕಮ್ಮಿ ಹೇಳ್ದೋರಿಗೆ ಕೆಲ್ಸ ಬರಲ್ಲ, ಜಾಸ್ತಿ ಕೊಟ್ರೂ ಗಟ್ಟಿ ಕೆಲ್ಸ ಆಗ್ಲಿ ಅಂತ ಇನ್ನೊಬ್ಬರು. ಕೊನೆಗೆ ಮೂರನೇ ಗ್ಯಾರೇಜಲ್ಲಿ ಕೇಳಿ ನಡುವಿನ ರೇಟು ಹಿಡಿಯೋಣ ಅಂತ ತೀರ್ಮಾನ. ನಡುವಿನ ರೇಟಂತೆ! ಹಲ್ಲುನೋವಿಗೆ ಒಬ್ಬ ಡಾಕ್ಟ್ರು ಮಾತ್ರೆ ಕೊಟ್ಟು, ಇನ್ನೊಬ್ಬರು ಎಲ್ಲ ಹಲ್ಲು ಕೀಳಿಸಿ ಅಂದ್ರೆ, ನಡುವೆ ಇರ್ಲಿ ಅಂತ ಅರ್ಧ ಹಲ್ಲು ಕೀಳಿಸ್ಕೋತೀವಾ?

ನಾನು ಹೇಳಿದ್ದು ಇಷ್ಟೇ. 900, 18,500 ಇವೆರಡೂ ಒಂದೇ ಸಾಮಾನಿನ ಎರಡು ರೇಟಲ್ಲ. ಒಂದು ರವಿಕೆ ಹೊಲಿಯೋ ಕೂಲಿ, ಇನ್ನೊಂದು ರೇಷ್ಮೆ ಸೀರೆ ಬೆಲೆ. ನಮಗೆ ಬೇಕಾಗಿರೋದು ರವಿಕೆಯೋ ಸೀರೆಯೋ ಅಂತ ಇಬ್ಬರೂ ನೋಡಿಲ್ಲ. ಎಲ್ಲಿಂದ ಸೋರ್ತಾ ಅದೆ ಅಂತ ಬೆರಳಿಟ್ಟು ತೋರಿಸದೆ ಹೇಳಿದ ರೇಟು ರೇಟೇ ಅಲ್ಲ, ಊಹೆ. ಅದು ಕಮ್ಮಿ ಇದ್ರೂ ಊಹೆ, ಜಾಸ್ತಿ ಇದ್ರೂ ಊಹೆ.

ಇದೇನು ನಮಗೆ ಗೊತ್ತಿಲ್ಲದ ವಿದ್ಯೆನಾ? ಕೆ.ಆರ್. ನಗರದ ಚುಂಚನಕಟ್ಟೆ ಜಾತ್ರೇಲಿ ಎತ್ತು ವ್ಯಾಪಾರ ನೋಡಿದ್ದೀರಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸ್ತಾರೆ. ಅದೆಲ್ಲ ಆದ್ಮೇಲೆ ಟವಲ್ ಅಡಿ ಕೈ ಹಾಕಿ ಬೆರಳು ಹಿಡಿಯೋದು. ಹಲ್ಲು ನೋಡದೆ ಟವಲ್ ಅಡಿ ಕೈ ಹಾಕಿದ್ರೆ ಜಾತ್ರೆಯೆಲ್ಲ ನಗ್ತದೆ. ಹೊಗೆಸೊಪ್ಪು ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಕಂಪಲಾಪುರಕ್ಕೋ ಹರಾಜಿಗೆ ಹೋಗೋ ಮುಂಚೆ ಎಲೆ ಎಲೆ ಬಿಡಿಸಿ, ಬಣ್ಣ ನೋಡಿ ಗ್ರೇಡ್ ಮಾಡೋರು ಯಾರು? ನಾವು. ಅಲ್ಲೂ ಬೇಲು ಕಣ್ಣಿಗೆ ಕಂಡ ಮೇಲೇ ಕೆಜಿಗೆ ಇಷ್ಟು ಅಂತ ರೇಟು ಕಟ್ಟೋದು. ಎತ್ತಿಗೂ ಸೊಪ್ಪಿಗೂ ಇರೋ ನಿಯಮ ಇಂಜಿನ್‌ಗೆ ಯಾಕಿಲ್ಲ?

ಎಣ್ಣೆ ಸೋರೋದ್ರಲ್ಲಿ ಒಂದು ಮೋಸ ಅದೆ. ಮೆಕ್ಯಾನಿಕ್ ಮಾಡೋ ಮೋಸ ಅಲ್ಲ, ಎಣ್ಣೆಯೇ ಮಾಡೋದು. ಎಚ್.ಡಿ. ಕೋಟೆ ಕಡೆ ನಮ್ಮ ತವರುಮನೆ ಹೆಂಚಿನ ಮನೆ. ಮಳೆ ನೀರು ಒಲೆ ಮೇಲೆ ತೊಟ್ಟಿಕ್ತು ಅಂತ ಒಲೆ ನೇರಕ್ಕಿರೋ ಹೆಂಚು ಬದಲಾಯಿಸಿದ್ರೆ ಸೋರೋದು ನಿಲ್ಲಲ್ಲ. ಒಡೆದಿರೋದು ಮೇಲೆ ಎಲ್ಲೋ, ನೀರು ತೀರಿಗೆ ಹಿಡ್ಕೊಂಡು ಇಳಿದು ಬಂದು ಬೀಳೋದು ಇನ್ನೆಲ್ಲೋ. ಇಂಜಿನ್ನೂ ಹಂಗೇ. ತಲೆ ಮೇಲೆ ಟ್ಯಾಪೆಟ್ ಕವರ್ ಅಂತ ಇರ್ತದೆ, ಅದರ ಅಂಚಿನ ರಬ್ಬರ್ ಪ್ಯಾಕಿಂಗು ಬಿಸಿಗೆ ಗಟ್ಟಿಯಾಗಿ ಸೀಳ್ತದೆ. ಅಲ್ಲಿಂದ ಜಿನುಗಿದ ಎಣ್ಣೆ ಒಸಿ ಬಿಸಿ ಪೈಪಿನ ಮೇಲೆ ಬಿದ್ದು ಸುಡ್ತದೆ, ಉಳಿದಿದ್ದು ಹಿಂದುಗಡೆ ಇಳಿದು ಇಂಜಿನ್ನೂ ಗೇರ್ ಬಾಕ್ಸೂ ಸೇರೋ ಜಾಗದಿಂದ ತೊಟ್ಟಿಕ್ತದೆ. ಕೆಳಗಿಂದ ಬಗ್ಗಿ ನೋಡಿದವರಿಗೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲೇ ಹೋಗದೆ ಅಂತ ಕಾಣ್ತದೆ. ಮೊದಲನೇದು ಮೇಲಿನ ನಾಲ್ಕು ನಟ್ಟಿನ ಕೆಲ್ಸ, ಎರಡನೇದು ಗೇರ್ ಬಾಕ್ಸ್ ಇಳಿಸೋ ಕೆಲ್ಸ. ಕೆಳಗೆ ಬಿದ್ದ ತೊಟ್ಟು ಎರಡಕ್ಕೂ ಒಂದೇ.

ಹಂಗಾದ್ರೆ ಕಂಡುಹಿಡಿಯೋದು ಹೆಂಗೆ? ತೊಳೆದು. ಇಂಜಿನ್ ತಣ್ಣಗಿರೋವಾಗ ಹಳೇ ಜಿಡ್ಡೆಲ್ಲ ಕೆರೆದು, ವೈರಿನ ಕಡೆಗೆ ನೀರು ಬೀಳದಂಗೆ ತೊಳೆದು ಒಣಗಿಸ್ಬೇಕು. ಅನುಮಾನ ಇರೋ ಕಡೆ ನಾವು ಮುಖಕ್ಕೆ ಹಾಕೋ ಪೌಡರ್ ಉದುರಿಸಿದ್ರೂ ಆಯ್ತದೆ, ಎಣ್ಣೆ ಮೊದಲು ಎಲ್ಲಿ ಜಿನುಗ್ತದೋ ಅಲ್ಲಿ ಗೆರೆ ಮೂಡ್ತದೆ. ಗಾಡಿ ಒಂದು ಕಾಲು ಗಂಟೆ ಸ್ಟಾರ್ಟ್ ಮಾಡಿಟ್ಟು, ಆಫ್ ಮಾಡಿ, ಟಾರ್ಚ್ ಬಿಟ್ಟು ಮೇಲಿಂದ ಕೆಳಕ್ಕೆ ನೋಡ್ಬೇಕು. ಒದ್ದೆ ಇರೋ ಎಲ್ಲಕ್ಕಿಂತ ಮೇಲಿನ ಜಾಗ ಯಾವುದೋ ಅದೇ ಬೇರು. ರಾತ್ರಿ ಗಾಡಿ ಅಡಿ ಹಳೇ ರಟ್ಟು ಹಾಸಿದ್ರೆ ಎಷ್ಟು ಬೀಳ್ತದೆ, ಏನು ಬೀಳ್ತದೆ ಅನ್ನೋದೂ ಗೊತ್ತಾಯ್ತದೆ. ಕಪ್ಪಗೆ ಜಾರಿದ್ರೆ ಇಂಜಿನ್ ಆಯಿಲ್. ತೆಳ್ಳಗೆ ಹಸಿರೋ ಗುಲಾಬಿಯೋ ಇದ್ರೆ ರೇಡಿಯೇಟರ್ ನೀರು, ಅದರ ಲೆಕ್ಕವೇ ಬೇರೆ. ಚಕ್ರದ ಒಳಬದಿ ಒದ್ದೆಯಾಗಿ ಬ್ರೇಕು ಮೆತ್ತಗಾಗಿದ್ರೆ ಗಾಡಿ ಅಲ್ಲಾಡಿಸ್ಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ನಮ್ಮ ವಾರಗಿತ್ತಿ ಈ ಸಲ ತಾನೂ ಜೊತೆಗೆ ಹೋದ್ಲು. 18,500 ಹೇಳ್ದೋರ ತಾವಕ್ಕೇ ಹೋಗಿ, "ತಮ್ಮಾ, ತೊಳೆದು ತೋರ್ಸು, ಅದರ ಕೂಲಿ ಬೇರೆ ಕೊಡ್ತೀನಿ" ಅಂದ್ಲು. ಅವ್ರು ಒಸಿ ಮುಖ ಸಿಂಡರಿಸಿದ್ರೂ ಮಾಡಿದ್ರು. ಸಿಕ್ಕಿದ್ದು ಟ್ಯಾಪೆಟ್ ಕವರ್ ಪ್ಯಾಕಿಂಗು, ಜೊತೆಗೆ ಕಟ್ಟಿಕೊಂಡಿದ್ದ ಬ್ರೀದರ್ ಪೈಪು. ತೊಳೆದ ಕೂಲಿನೂ ಸೇರಿ 1,650 ಆಯ್ತು. ಕೆಳಗೆ ಚೇಂಬರ್ ಅಂಚಲ್ಲೂ ಒಸಿ ಬೆವರಿದಂಗೆ ಜಿನುಗ್ತಾ ಅದೆಯಂತೆ, ರಟ್ಟಿನ ಮೇಲೆ ಒಂದು ತೊಟ್ಟೂ ಬೀಳಲ್ಲ. ಅದನ್ನ ಹಂಗೇ ಬುಟ್ಟವ್ರೆ. ಹಳೇ ಗಾಡಿ ಬೆವರಿದ್ದಕ್ಕೆಲ್ಲ ದುಡ್ಡು ಸುರೀಬಾರ್ದು, ವಾರಕ್ಕೊಂದ್ಸಲ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿದ್ರೆ ಸಾಕು.

ಆ ಬ್ರೀದರ್ ಪೈಪಿನ ಮಾತು ಒಂದು ಹೇಳ್ಬೇಕು, ಯಾಕಂದ್ರೆ ಒಂಬೈನೂರಿನವರನ್ನ ಹೊಗಳೋಕೆ ನೀವೆಲ್ಲ ಸಿದ್ಧವಾಗಿರ್ತೀರಿ. ಕುಕ್ಕರ್ ವಿಷಲ್ ತೂತಲ್ಲಿ ಬೇಳೆ ಕಟ್ಟಿಕೊಂಡ್ರೆ ಏನಾಯ್ತದೆ? ಆವಿ ಗ್ಯಾಸ್ಕೆಟ್ ಪಕ್ಕದಿಂದ ಬುಸ್ ಅಂತ ಬತ್ತದೆ. ಹೊಸ ಗ್ಯಾಸ್ಕೆಟ್ ತಂದು ಹಾಕಿ, ತೂತು ಚುಚ್ಚದೆ ಬುಟ್ರೆ ಅದೂ ಹಾಳು. ಇಂಜಿನ್ ಒಳಗೂ ಹಂಗೇ ಒತ್ತಡ ತುಂಬ್ತದೆ, ಅದು ಆಚೆ ಹೋಗೋ ದಾರಿ ಈ ಪೈಪು. ಕಟ್ಟಿಕೊಂಡ್ರೆ ಎಣ್ಣೆ ಎಲ್ಲಿ ಸಂದು ಸಿಕ್ತದೋ ಅಲ್ಲಿಂದ ನುಗ್ತದೆ. ಒಂಬೈನೂರಿನವ್ರು ಜಾಗ ಸರಿಯಾಗೇ ಹೇಳಿದ್ರು, ನೋಡಿ ಹೇಳಿದ್ದಲ್ಲ ಅಷ್ಟೇ. ಪ್ಯಾಕಿಂಗ್ ಒಂದೇ ಹಾಕಿ ಕಳಿಸಿದ್ರೆ ಮತ್ತೆ ಸೋರೋದು. ಆಗ "ನೋಡಿ, ಅವತ್ತೇ ಇಂಜಿನ್ ಇಳಿಸಿದ್ರೆ ಆಗ್ತಿತ್ತು" ಅಂತ ಮನೇಲಿ ಮಾತು ಏಳೋದು.

ಹಂಗಂತ ದೊಡ್ಡ ರೇಟೆಲ್ಲ ಸುಳ್ಳು ಅನ್ನಬೇಡಿ. ತೊಳೆದು ನೋಡಿದ ಮೇಲೂ ಮೇಲೆಲ್ಲ ಒಣಗಿದ್ದು, ಗೇರ್ ಬಾಕ್ಸ್ ಸಂದಿಂದಲೇ ತೊಟ್ಟಿಕ್ಕಿದ್ರೆ ಅದು ಹಿಂದಿನ ಸೀಲೇ. ಬಳೆಯಂಥ ಒಂದು ರಬ್ಬರ್ ಉಂಗುರ, ಬೆಲೆ ಏನೂ ಇಲ್ಲ, ಆದ್ರೆ ಅದನ್ನ ಮುಟ್ಟೋಕೆ ಗೇರ್ ಬಾಕ್ಸು, ಕ್ಲಚ್ಚು ಎಲ್ಲ ಬಿಚ್ಚಬೇಕು. ಅಲ್ಲಿ ಸಾಮಾನು ಕಮ್ಮಿ, ಕೂಲಿ ಜಾಸ್ತಿ ಇರೋದೇ ನ್ಯಾಯ. "ಇಷ್ಟು ಚಿಕ್ಕ ರಬ್ಬರಿಗೆ ಇಷ್ಟಾ" ಅಂತ ಬಾಯಿ ಮಾಡಬೇಡಿ. ಬಿಚ್ಚಿದ ಮೇಲೆ ಕ್ಲಚ್ ಪ್ಲೇಟೂ ಸವೆದಿದ್ರೆ ಅದನ್ನೂ ಆಗಲೇ ಹಾಕಿಸೋದು ಬುದ್ಧಿವಂತಿಕೆ, ಇನ್ನೊಂದ್ಸಲ ಬಿಚ್ಚೋ ಕೂಲಿ ಉಳೀತದೆ. ಇನ್ನು ಆಯಿಲ್ ಹಾಕೋ ಮುಚ್ಚಳದ ಅಡೀಲಿ ಮಜ್ಜಿಗೆ ಬಣ್ಣದ ಜಿಡ್ಡು ಕಟ್ಟಿ, ರೇಡಿಯೇಟರ್ ನೀರೂ ಇಳೀತಾ ಇದ್ರೆ ಹೆಡ್ ಪ್ಯಾಕಿಂಗ್ ಅನುಮಾನ. ಹಿಂದೆ ನೀಲಿ ಹೊಗೆ ಬತ್ತಾ ಇದ್ರೆ ಇಂಜಿನ್ ಒಳಗೇ ಸವೆದಿರಬಹುದು. ಎಣ್ಣೆ ಗಿಂಡಿ ಚಿತ್ರದ ಕೆಂಪು ದೀಪ ಓಡಿಸೋವಾಗ ಹತ್ಕೊಂಡ್ರೆ ಊರು ಹತ್ರ ಅದೆ ಅಂತ ಓಡಿಸ್ಬೇಡಿ, ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ಆಮೇಲೆ ಹದಿನೆಂಟೂವರೆ ಸಾವಿರಕ್ಕೂ ಮುಗಿಯಲ್ಲ.

ಈಗ ನಿಮಗೆ ಕೋಪ ಬರೋ ಮಾತು. ಮೆಕ್ಯಾನಿಕ್ಕುಗಳು ನೋಡದೆ ರೇಟು ಹೇಳೋದಕ್ಕೆ ಅರ್ಧ ಕಾರಣ ನಾವೇ, ಅಂದ್ರೆ ನಮ್ಮ ಮನೆಗಳು. ಡಾಕ್ಟ್ರಿಗೆ ನೋಡಿದ ಫೀಸು ಕೊಡ್ತೀವಿ, ಮಾತ್ರೆ ಬರೀದಿದ್ರೂ ಕೊಡ್ತೀವಿ. ಗ್ಯಾರೇಜಲ್ಲಿ ಮಾತ್ರ ನೋಡೋದು ಬಿಟ್ಟಿ ಆಗಬೇಕು. ಮೈ ಕೈಯೆಲ್ಲ ಮಸಿ ಮಾಡ್ಕೊಂಡು ಒಂದು ಗಂಟೆ ತೊಳೆದು ಹುಡುಕಿದ ಮೇಲೆ "ಯೋಚ್ನೆ ಮಾಡಿ ಹೇಳ್ತೀವಿ" ಅಂತ ಗಾಡಿ ತಿರುಗಿಸ್ಕೊಂಡು ಬಂದ್ರೆ ಅವ್ರ ಹೊಟ್ಟೆ ತುಂಬೋದು ಹೆಂಗೆ? ಅದಕ್ಕೇ ಅವ್ರು ಬಗ್ಗಿ ನೋಡಿ, ಎಲ್ಲದಕ್ಕೂ ಸೇರಿಸಿ, ಕೈ ಕಚ್ಚದ ಒಂದು ರೇಟು ಹೇಳಿಬಿಡ್ತಾರೆ. ನೋಡಿದ ಕೂಲಿ ಇಷ್ಟು ಅಂತ ಮೊದಲೇ ಮಾತಾಡಿ, ಕೆಲ್ಸ ಬೇರೆ ಕಡೆ ಮಾಡಿಸಿದ್ರೂ ಕೊಟ್ಟುಬುಡಿ. ಆ ಮುನ್ನೂರು ನಾನೂರು ದಂಡ ಅಲ್ಲ.

ಜಾಗ ತೋರಿಸಿದ ಮೇಲೆ ಕೇಳೋದು ಕೇಳಿ. ಯಾವ ಪ್ಯಾಕಿಂಗು, ಯಾವ ಸೀಲು, ಕಂಪನಿದೋ ಡೂಪ್ಲಿಕೇಟೋ, ಸಾಮಾನಿಗೆಷ್ಟು, ಕೂಲಿಗೆಷ್ಟು ಅಂತ ಬೇರೆ ಬೇರೆ ಬರೆಸ್ಕೊಳಿ. ಬರೀ ಹಾಳೇಲಿ ಬರೆದ್ರೂ ಆಯ್ತದೆ, ಒಟ್ಟು ಮೊತ್ತ ಒಂದೇ ಬರೆದ್ರೆ ಒಪ್ಪಬೇಡಿ. ಬಿಚ್ಚಿದ ಮೇಲೆ ಬೇರೇನಾದ್ರೂ ಕಂಡ್ರೆ ಫೋಟೋ ಕಳಿಸಿ, ನಮ್ಮನ್ನ ಕೇಳಿ ಮಾಡಿ ಅನ್ನಿ. ಹಳೇ ಸಾಮಾನು ವಾಪಸ್ಸು ಕೊಡಿ ಅನ್ನಿ. ಗುಜರಿಗೆ ಹಾಕೋಕಲ್ಲ, ಗಟ್ಟಿಯಾಗಿ ಸೀಳಿದ ರಬ್ಬರ್ ಕೈಲಿ ಹಿಡಿದಾಗ ದುಡ್ಡು ಎಲ್ಲಿಗೆ ಹೋಯ್ತು ಅಂತ ಕಾಣ್ತದೆ. ಒಂದು ವಾರ ಓಡಿಸಿ ಮತ್ತೆ ತೋರಿಸ್ತೀವಿ ಅಂತಲೂ ಹೇಳಿಡಿ.

ಬಿಲ್ ಬೇಡ, ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರ್ತದೆ ಅಂತ ಹೆದರಿಸ್ತಾರೆ. ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೇಲಿ ಬಿಲ್ ಕೊಡದೇ ಇರೋದೂ ಅನುಚಿತ ವ್ಯಾಪಾರ ಅಂತಲೇ ಬರೆದದೆ. ಕೆಲ್ಸ ಕೆಟ್ಟು, ಕೇಳಿದ್ರೂ ಸರಿ ಮಾಡಿಕೊಡದಿದ್ರೆ ಎರಡು ವರ್ಷದೊಳಗೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಐದು ಲಕ್ಷದವರೆಗಿನ ವಿಚಾರಕ್ಕೆ ಶುಲ್ಕ ಇಲ್ಲ. ಅದಕ್ಕೂ ಮುಂಚೆ ಫೋನಲ್ಲಿ 1915 ಒತ್ತಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಕ್ತದೆ, ಕನ್ನಡದಲ್ಲೇ ಹೇಳ್ಕೋಬಹುದು. ಹೇಳೋವಾಗ ಬರೆಸ್ಕೊಂಡ ಚೀಟಿ, ಬಿಲ್ಲು, ಫೋಟೋ ಮೂರೂ ಕೈಲಿರ್ಲಿ, ಮಾತು ನೀವೇ ಆಡಿ.