ಪಹಣಿ ಇಲ್ಲದ ಕೊಟ್ಟಿಗೆ

ಕಾಲೇಜಿನ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಕಲಂ ಬಂದಾಗ ಹಳ್ಳಿಯ ಹುಡುಗ ‘ವ್ಯವಸಾಯ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾನೆ. ಮನೆಯಲ್ಲಿರುವುದು ಎರಡು ಹಸು, ಒಂದು ಕರು. ತೀರಿಕೊಂಡ ಅಜ್ಜನ ಹೆಸರಿನಲ್ಲಿ ಮೂವತ್ತು ಗುಂಟೆ ಜಮೀನು, ಅದಕ್ಕೆ ನಾಲ್ಕು ಜನ ಪಾಲುದಾರರು. ಮೇವು ಬರುವುದು ಕೆರೆಯಂಚಿನಿಂದ, ಬದುವಿನಿಂದ, ಕೂಲಿಗೆ ಹೋದವರ ಹೊಲದಿಂದ. ಸಂಸಾರ ಸಾಗುತ್ತಿರುವುದು ಹಾಲಿನಿಂದ. ಹುಡುಗ ಬರೆದದ್ದು ಸುಳ್ಳಲ್ಲ. ಆದರೆ ಸಹಾಯಧನ ಕೇಳಲು ಹೋದಾಗ ಮೊದಲು ಎದುರಾಗುವ ಪ್ರಶ್ನೆ ‘ಹಸು ಎಷ್ಟಿವೆ?’ ಎಂಬುದಲ್ಲ, ‘ಪಹಣಿ ಎಲ್ಲಿ?’ ಎಂಬುದು.

ಇದಕ್ಕೆ ಎದ್ದು ಕಾಣುವ ಉದಾಹರಣೆ ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಕಿಸಾನ್ ಸಮ್ಮಾನ್ ಯೋಜನೆ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಮೊದಲು ಎರಡು ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗೆ ಎಂದಿದ್ದದ್ದನ್ನು ಅದೇ ವರ್ಷ ಎಲ್ಲ ಹಿಡುವಳಿದಾರರಿಗೂ ವಿಸ್ತರಿಸಲಾಯಿತು. ಹತ್ತು ಎಕರೆಯವನು ಒಳಗೆ ಬಂದ; ಹತ್ತು ಹಸು ಕಟ್ಟಿಯೂ ಜಮೀನಿಲ್ಲದವನು ಹೊರಗೇ ಉಳಿದ. ಗುತ್ತಿಗೆಗೆ ಉಳುವವನ ಪಾಡೂ ಅದೇ.

ಆದರೆ ‘ನಮ್ಮದು ಗೇಣು ಜಮೀನು, ನಮಗೆಲ್ಲಿ ಬರುತ್ತದೆ’ ಎಂದು ಸುಮ್ಮನೆ ಕೂತವರು ಒಂದು ವಿಷಯ ಗಮನಿಸಬೇಕು. ಈ ಯೋಜನೆಗೆ ಕನಿಷ್ಠ ಇಷ್ಟು ಜಮೀನು ಇರಬೇಕೆಂಬ ಮಿತಿಯಿಲ್ಲ. ತೊಡಕು ಇರುವುದು ವಿಸ್ತೀರ್ಣದಲ್ಲಲ್ಲ, ಹೆಸರಿನಲ್ಲಿ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಇನ್ನೂ ಅವನೇ ಬದುಕಿದ್ದಾನೆ! 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರನ್ನು ಯೋಜನೆಯಿಂದ ಹೊರಗಿಟ್ಟರೂ, ವಾರಸುದಾರಿಕೆಯಿಂದ ಹೆಸರು ಬದಲಾದವರಿಗೆ ವಿನಾಯಿತಿ ಕೊಡಲಾಯಿತು. ಹಾಗಾಗಿ ಪೌತಿ ಖಾತೆ ಮಾಡಿಸುವುದು ಮೊದಲ ಕೆಲಸ. ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಅಲೆಯುವುದು ಬೇಸರದ ಸಂಗತಿಯೇ. ಅಣ್ಣತಮ್ಮಂದಿರು ಒಂದೆಡೆ ಕೂತು ಸಹಿ ಹಾಕುವುದು ಅದಕ್ಕಿಂತ ಕಷ್ಟ. ಮುಂದೆ ಹಾಕಿದಷ್ಟೂ ವಾರಸುದಾರರ ಸಂಖ್ಯೆ ಬೆಳೆಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪಹಣಿಯ ನೆರಳು ಮಕ್ಕಳ ಓದಿನ ಮೇಲೂ ಬಿದ್ದದ್ದುಂಟು. ರಾಜ್ಯ ಸರ್ಕಾರ 2021ರಲ್ಲಿ ‘ರೈತ ವಿದ್ಯಾನಿಧಿ’ ಆರಂಭಿಸಿದಾಗ, ಪಿಯುಸಿಯಿಂದ ಸ್ನಾತಕೋತ್ತರದವರೆಗಿನ ರೈತರ ಮಕ್ಕಳಿಗೆ 2,500ರಿಂದ 11,000 ರೂಪಾಯಿವರೆಗೆ ನೆರವು ಗೊತ್ತುಪಡಿಸಲಾಯಿತು. ಆದರೆ ರೈತನೆಂದು ಗುರುತಿಸಿದ್ದು ಜಮೀನಿನ ದಾಖಲೆ ಜೋಡಿಸಿದ ‘ಫ್ರೂಟ್ಸ್’ ಗುರುತಿನ ಸಂಖ್ಯೆಯ ಮೂಲಕ. ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಅದನ್ನು ವಿಸ್ತರಿಸಿದ್ದು ಮರುವರ್ಷ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬನಿಗೆ ಹಣ ಬಂದು ಇನ್ನೊಬ್ಬನಿಗೆ ಬಾರದಿದ್ದಾಗ, ಕಾರಣ ಅಂಕಪಟ್ಟಿಯಲ್ಲಿ ಇರಲಿಲ್ಲ.

ಇರಲಿ. ಜಮೀನು ಕೇಳದ ಬಾಗಿಲೂ ಒಂದಿದೆ. ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ತೊಡಗಿತು. 2013ರಲ್ಲಿ ಅದು 4 ಆಯಿತು, 2016ರಲ್ಲಿ 5. 2019ರ ಬಜೆಟ್ಟಿನಲ್ಲಿ 6ಕ್ಕೆ ಏರಿಸಲಾಯಿತು. ಇಲ್ಲಿ ಲೆಕ್ಕ ಎಕರೆಯದಲ್ಲ, ಲೀಟರಿನದು. ದಿನಕ್ಕೆ 8 ಲೀಟರಿನಂತೆ 300 ದಿನ ಹಾಲು ಹಾಕಿದರೆ 2,400 ಲೀಟರಾಯಿತು. 6 ರೂಪಾಯಿಯ ದರದಲ್ಲಿ 14,400 ರೂಪಾಯಿ. ಹಾಲಿನ ಬೆಲೆ ಬೇರೆ. ಕಿಸಾನ್ ಸಮ್ಮಾನ್‌ನ 6,000ದ ಎರಡು ಪಟ್ಟಿಗಿಂತಲೂ ಹೆಚ್ಚು. ಜಮೀನಿಲ್ಲದವನಿಗೆ ಇದಕ್ಕಿಂತ ನೇರವಾದ ನೆರವು ಸಿಗುವುದು ಅಪರೂಪ.

ಅದಕ್ಕೂ ಷರತ್ತುಗಳಿವೆ. ಹಾಲು ಸಂಘಕ್ಕೇ ಹೋಗಬೇಕು. ಪಟ್ಟಣದ ಹೋಟೆಲಿಗೆ ಎರಡು ರೂಪಾಯಿ ಹೆಚ್ಚಿಗೆ ಮಾರಿದ ಹಾಲಿಗೆ ಪ್ರೋತ್ಸಾಹಧನವಿಲ್ಲ. ಹಣ ಬರುವುದು ಯಾರ ಹೆಸರಿನಲ್ಲಿ ಹಾಲು ಅಳೆದಿದೆಯೋ ಅವರ ಬ್ಯಾಂಕ್ ಖಾತೆಗೆ. ಕಸುಬೆಲ್ಲ ಅಮ್ಮನದು, ಸಂಘದ ಪುಸ್ತಕದಲ್ಲಿ ಹೆಸರು ಅಪ್ಪನದು ಎಂಬ ಮನೆಗಳು ಕಡಿಮೆಯೇನಲ್ಲ. ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತುಹೋಗುವುದೂ ಉಂಟು. ಎಲ್ಲವೂ ಸರಿಯಿದ್ದರೂ ಸರ್ಕಾರದಿಂದ ಹಣ ಬಿಡುಗಡೆಯಾಗದೆ ತಿಂಗಳುಗಟ್ಟಲೆ ಬಾಕಿ ಉಳಿದ ಸಂದರ್ಭಗಳಿವೆ. ಹಿಂಡಿಯ ಅಂಗಡಿಯವನು ಮಾತ್ರ ಅಷ್ಟು ದಿನ ಕಾಯುವುದಿಲ್ಲ.

ಆ ನಡುವಿನ ಕಾಲಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡ್ ನೆರವಾಗಬಲ್ಲದು. 2018–19ರ ಕೇಂದ್ರ ಬಜೆಟ್ಟಿನಲ್ಲಿ ಈ ಸೌಲಭ್ಯವನ್ನು ಪಶುಸಂಗೋಪನೆಗೂ ವಿಸ್ತರಿಸಲಾಯಿತು. ಬಾಡಿಗೆಯ ಕೊಟ್ಟಿಗೆಯಲ್ಲಿ ಹಸು ಕಟ್ಟಿದವರೂ ಇದಕ್ಕೆ ಅರ್ಹರು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮೇವು, ಹಿಂಡಿ, ಔಷಧಿಯ ಖರ್ಚಿಗೆ 2 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಶೇ 7ರ ಬಡ್ಡಿ, ಸಕಾಲಕ್ಕೆ ತೀರಿಸಿದರೆ ಶೇ 4 ಎಂದು ಗೊತ್ತುಪಡಿಸಲಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಇಲ್ಲೂ ಪಹಣಿ ಕೇಳುವವರಿರುತ್ತಾರೆ. ಆಗ ‘ಇದು ಬೆಳೆಸಾಲವಲ್ಲ, ಪಶುಸಂಗೋಪನೆಯ ಕಾರ್ಡು’ ಎಂದು ಬಿಡಿಸಿ ಹೇಳಬೇಕು. ಹಾಲಿನ ಸಂಘದ ಪತ್ರ, ಹಾಲು ಹಾಕಿದ ಪುಸ್ತಕ ಮುಂದಿಡಬೇಕು. ಓದು ಬಲ್ಲ ಮಗಳೋ ಮಗನೋ ಜೊತೆಗಿದ್ದರೆ ಅರ್ಧ ಕೆಲಸ ಸಲೀಸು.

ಕುರಿ ಸಾಕಿದವರ ಸ್ಥಿತಿ ಬೇರೆ. ಅವರಿಗೆ ಲೀಟರಿನ ಲೆಕ್ಕ ಒದಗುವುದಿಲ್ಲ. ವರ್ಷದ ಬಹುಪಾಲು ಮಂದೆಯ ಹಿಂದೆ ಊರೂರು ತಿರುಗುವವರಿಗೆ ಕಚೇರಿಯ ಗಡುವೂ ತಿಳಿಯುವುದಿಲ್ಲ. ಅವರಿಗೆಂದು ಉಳಿದದ್ದು ಪ್ರಾಣಿ ಸತ್ತ ಮೇಲಿನ ಪರಿಹಾರ: 2023ರಲ್ಲಿ ಮರಳಿ ಜಾರಿಗೆ ತಂದ ‘ಅನುಗ್ರಹ’ ಯೋಜನೆಯಲ್ಲಿ ಕುರಿ, ಮೇಕೆಗೆ 5,000 ರೂಪಾಯಿ, ಹಸು, ಎಮ್ಮೆ, ಎತ್ತಿಗೆ 10,000 ರೂಪಾಯಿ ಎಂದು ನಿಗದಿಯಾಯಿತು. ದುಃಖದಲ್ಲೋ ಗಡಿಬಿಡಿಯಲ್ಲೋ ಮೊದಲು ಹೂಳಿ ಆಮೇಲೆ ಅರ್ಜಿ ಬರೆದರೆ ಪ್ರಯೋಜನವಿಲ್ಲ. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕು.

ವಿಮೆ ಮಾಡಿಸಿದ ಹಸುವಿಗಂತೂ ಕಿವಿಯೋಲೆಯೇ ಆಧಾರ. ಕಾಲುಬಾಯಿ ರೋಗದ ಲಸಿಕೆ ಹಾಕುವಾಗ ಕಿವಿಗೆ ಚುಚ್ಚುವ ಹಳದಿ ಬಿಲ್ಲೆಯಲ್ಲಿ 12 ಅಂಕಿಗಳಿರುತ್ತವೆ. ವಿಮೆಯ ಕಾಗದದಲ್ಲಿ ಬರೆದ ಸಂಖ್ಯೆಯ ಓಲೆ ಕಿವಿಯಲ್ಲಿ ಇಲ್ಲದಿದ್ದರೆ ಪರಿಹಾರವೂ ಇಲ್ಲ. ಬೇಲಿಗೆ ಸಿಕ್ಕಿ ಓಲೆ ಹರಿದುಹೋದರೆ ‘ಆಮೇಲೆ ನೋಡೋಣ’ ಎನ್ನದೆ ಪಶು ಆಸ್ಪತ್ರೆಯಲ್ಲಿ ಹೊಸದು ಹಾಕಿಸಿ, ಆ ಸಂಖ್ಯೆಯನ್ನು ವಿಮೆಯವರಿಗೂ ಬ್ಯಾಂಕಿಗೂ ಬರೆದು ತಿಳಿಸಬೇಕು. ಎರಡೂ ಹಸುಗಳ ಸಂಖ್ಯೆಯನ್ನು ಹುಡುಗ ತನ್ನ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಲು ಐದು ನಿಮಿಷ ಸಾಕು, ಹಸು ತಲೆ ಕೊಡವದಿದ್ದರೆ.