ಕದ್ದ ಜಿಡ್ಡು, ತಿದ್ದಿದ ಉತ್ತರ

ಮಲೇರಿಯವೆಂದರೆ ಸೊಳ್ಳೆ, ಸೊಳ್ಳೆಯೆಂದರೆ ನಿಂತ ನೀರು. ನಮ್ಮ ಶಾಲೆಯ ಪಾಠ ಅಲ್ಲಿಗೇ ಮುಗಿದಿತ್ತು. 1880ರಲ್ಲಿ ಲಾವೆರಾನ್ ಅಲ್ಜೀರಿಯದಲ್ಲಿ ರೋಗಿಯ ರಕ್ತದಲ್ಲಿ ಈ ಪರೋಪಜೀವಿಯನ್ನು ಕಂಡರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಇಷ್ಟನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಒಳಹೊಕ್ಕ ಕಳ್ಳನು ಉಣ್ಣುವುದೇನನ್ನು ಎಂದು ಕೇಳಿದವರೆಷ್ಟು ಮಂದಿ?

ಫಾಲ್ಸಿಪಾರಮ್ ಎಂಬ ಜಾತಿಯ ಒಂದು ಜೀವಿ ಕೆಂಪು ರಕ್ತಕಣವನ್ನು ಹೊಕ್ಕರೆ ಸುಮಾರು 48 ಗಂಟೆಗಳಲ್ಲಿ ಹದಿನಾರೋ ಇಪ್ಪತ್ತೋ ಮೂವತ್ತೋ ಆಗಿ ಹೊರಬೀಳುತ್ತದೆ. ಪ್ರತಿಯೊಂದು ಮರಿಗೂ ಮೈಸುತ್ತ ಪೊರೆ ಬೇಕು. ಪೊರೆಗೆ ಲಿಪಿಡ್ ಎಂಬ ಜಿಡ್ಡು ಬೇಕು. ಬಲಿತ ರಕ್ತಕಣವಾದರೋ ಹೊಸ ಜಿಡ್ಡನ್ನು ತಯಾರಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಹಾಗಾದರೆ ಅದು ಬರುವುದೆಲ್ಲಿಂದ?

ಜೀವಿಯೇ ಕೊಬ್ಬಿನ ಆಮ್ಲವನ್ನು ತಯಾರಿಸಿಕೊಳ್ಳುತ್ತದೆ. ಸಾಬೂನುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಆ ತಯಾರಿಕೆಯ ಒಂದು ಕಿಣ್ವವನ್ನು ತಡೆದು ರಕ್ತದಲ್ಲಿಯ ಜೀವಿಯನ್ನು ಕೊಲ್ಲುತ್ತದೆ ಎಂದು 2001ರಲ್ಲಿ ಬೆಂಗಳೂರಿನ ವಿಜ್ಞಾನಿಗಳಾದ ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ ಪ್ರಕಟಿಸಿದರು. 2008ರಲ್ಲಿ ಬೇರೆ ಸಂಶೋಧಕರು ಆ ಕಿಣ್ವದ ಜೀನನ್ನೇ ತೆಗೆದುಹಾಕಿ ನೋಡಿದರು. ಜೀವಿ ರಕ್ತದಲ್ಲಿ ಎಂದಿನಂತೆಯೇ ಬೆಳೆಯಿತು! ರಕ್ತದಲ್ಲಿ ಸಿದ್ಧವಾಗಿರುವ ಜಿಡ್ಡನ್ನೇ ಅದು ಕದ್ದು ಉಣ್ಣುತ್ತದೆ. ಆದರೆ ಇಲಿಗಳ ಮಲೇರಿಯಜೀವಿಯಲ್ಲಿ ಪರೀಕ್ಷಿಸಿದಾಗ, ರಕ್ತಕ್ಕೆ ಇಳಿಯುವ ಮುಂಚಿನ ಯಕೃತ್ತಿನ ಹಂತದಲ್ಲಿ ಆ ಕಿಣ್ವವಿಲ್ಲದೆ ಅದು ಸೋತಿತು. 2017ರಲ್ಲಿ ಇನ್ನೊಂದು ಸಂಗತಿ ತಿಳಿಯಿತು: ರಕ್ತದ ಲೈಸೋಫಾಸ್ಫಟಿಡೈಲ್‌ಕೋಲೀನ್ ಎಂಬ ಜಿಡ್ಡು ಕಡಮೆಯಾದರೆ, ಜೀವಿ ಸೊಳ್ಳೆಗೆ ಹೋಗಲು ತಕ್ಕ ಗಂಡುಹೆಣ್ಣು ರೂಪಗಳನ್ನು ತಳೆಯಲು ತೊಡಗುತ್ತದೆ. ಉಣಿಸು ತೀರಿದ ಮನೆಯಿಂದ ಗಂಟು ಕಟ್ಟುವ ಜಾಣತನವಿದು.

"ತಪ್ಪಾದ ಉತ್ತರವನ್ನು ಓದಿ ನಮಗೇನು ಲಾಭ?" ಎಂದು ಗೆಳೆಯರೊಬ್ಬರು ಕೇಳಿದರು. ಅವರ ಮಾತನ್ನು ನಾನು ಒಪ್ಪಲಾರೆ. ರಕ್ತದ ಹಂತದಲ್ಲಿ ನಿಲ್ಲದ ಉತ್ತರವು ಯಕೃತ್ತಿನ ಬಾಗಿಲನ್ನು ತೋರಿಸಿತು. ರೋಗವನ್ನು ಆರಂಭದಲ್ಲಿಯೇ ತಡೆಯಬೇಕೆನ್ನುವವರಿಗೆ ಇದು ಸಣ್ಣ ಲಾಭವೆ? ಮನೆಯಲ್ಲಿ ಮೊದಲು ಕಾಲೇಜಿಗೆ ಬಂದ ನಮ್ಮಂಥವರಿಗೆ ತಪ್ಪೆಂದರೆ ಭಯ; ಒಮ್ಮೆ ನಪಾಸಾದರೆ ಓದೇ ನಿಂತೀತು. ಆದ್ದರಿಂದಲೇ ಗೊತ್ತಿಲ್ಲದುದನ್ನು ಕೇಳದೆ, ಟಿಪ್ಪಣಿಯಲ್ಲಿದ್ದುದನ್ನೇ ಬರೆದು ಬರುತ್ತೇವೆ. ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಕಲೆಯ ವಿದ್ಯಾರ್ಥಿಗಳಾದ ನಮಗೂ ಇಂಥ ಕಥೆಯನ್ನು ಕನ್ನಡದಲ್ಲಿ, 2001ನ್ನೂ 2008ನ್ನೂ ಕೂಡಿಸಿ ಹೇಳಿರಿ. ದೊಡ್ಡ ವಿಜ್ಞಾನಿಗಳ ಉತ್ತರವೂ ತಿದ್ದಲ್ಪಡುತ್ತದೆಂದು ತಿಳಿದರೆ, ಹಿಂದಿನ ಬೆಂಚಿನಿಂದಲೂ ಪ್ರಶ್ನೆಗಳು ಬಂದಾವು.